ತೋಫು ಅಂಗಡಿಯವರ ಹಲ್ಲುನೋವು

ಕನಝಾವಾ, ಮಂಗಳವಾರ

ಅಕ್ಕಾ,

ನನ್ನ ಕೋಣೆಯ ಕೆಳಗೆ ತೋಫು ಅಂಗಡಿ ಇಟ್ಟಿರುವ ಕುರಿಮೊತೊ ಅವರಿಗೆ ಮೂರು ದಿನ ಹಲ್ಲುನೋವು. ಕೆನ್ನೆ ಕುಂಬಳಕಾಯಿಯಾಗಿತ್ತು, ಜ್ವರವೂ ಏರಿತ್ತು. ಆದರೂ ನೆಟ್ಟಗೆ ಮಂಡಿಯೂರಿ ಕೂತು, "ಸಮುರಾಯಿ ವಂಶಕ್ಕೆ ನೋವು ಗೊತ್ತಿಲ್ಲ" ಎನ್ನುತ್ತಿದ್ದರು. ಹಲ್ಲು ಕೀಳುವಾಗ ಎಲ್ಲಿ ಕೂಗಿಬಿಡುತ್ತೇನೋ ಎಂಬ ಭಯಕ್ಕೆ ವೈದ್ಯರ ಬಳಿ ಹೋಗಲೊಲ್ಲರು. ಪ್ರಾಣಕ್ಕೇ ಬಂತೆಂದು ಅವರ ಹೆಂಡತಿ ಅಳುತ್ತಿದ್ದರು.

ನಿನ್ನೆ ಪಕ್ಕದ ಮನೆಯ ಸೂಲಗಿತ್ತಿ ತೊಮೆಯಜ್ಜಿ ಬಂದರು. ಅವರದು ನಿಜವಾದ ಸಮುರಾಯಿ ಮನೆತನ.

"ಲೋ, ನಿಮ್ಮಜ್ಜ ನಮ್ಮಜ್ಜನ ಚಪ್ಪಲಿ ಹೊರ್ತಿದ್ದೋನು. ನಿಂಗ್ಯಾಕೋ ಈ ಬಿಂಕ? ನಮ್ಮಜ್ಜ ಹಲ್ಲು ಕೀಳಿಸ್ಕೊಂಡಾಗ ಇಡೀ ಕೇರಿಗೆ ಕೇಳೋ ಹಾಗೆ ಬೊಬ್ಬೆ ಹೊಡ್ದಿದ್ದ!"

"ಹೌದಾ ಅಜ್ಜಿ? ಹಾಗಾದ್ರೆ ಕೂಗ್ಬಹುದಾ?" ಕುರಿಮೊತೊ ತಲೆಬಾಗಿ ಕೇಳಿದರು.

"ಕೂಗ್ಲೇಬೇಕು ಕಣೋ!" ಎಂದ ಅಜ್ಜಿ ನನ್ನತ್ತ ತಿರುಗಿ ಕಣ್ಣು ಮಿಟುಕಿಸಿದರು.

ಆಗಲೇ ವೈದ್ಯರ ಬಳಿ ಹೋದರು, ಹಲ್ಲು ಕಿತ್ತು ಬಂತು. ಆ ಕೂಗಿಗೆ ವೈದ್ಯರ ಕೈಯಿಂದ ಇಕ್ಕಳವೇ ಬಿತ್ತಂತೆ. ಜ್ವರ ಇಳಿದಿದೆ.

ನೀನು ಕಳಿಸಿದ ಉಣ್ಣೆಯ ಕಾಲುಚೀಲ ಬೆಚ್ಚಗಿದೆ, ನನ್ನ ಕೆಮ್ಮೂ ಹೋಯಿತು. ಕೆಳಗೆ ಕುರಿಮೊತೊ ಗಿರಾಕಿಗಳನ್ನು ನಿಲ್ಲಿಸಿಕೊಂಡು, ನಿಜವಾದ ಸಮುರಾಯಿ ಹೇಗೆ ಕೂಗಬೇಕೆಂದು ಕೂಗಿ ತೋರಿಸುತ್ತಿದ್ದಾರೆ. ಈ ಗದ್ದಲದಲ್ಲಿ ಇನ್ನು ಬರೆಯಲಾರೆ.

ತಂಗಿ ಕಿನು