ಎರಡು ವರ್ಷಕ್ಕೆ ಬರುವಂತೆ

ಮಾರ್ಚ್ 4, ಸೋಮವಾರ

ಯೂನಿಫಾರಂ ಹನ್ನೊಂದು ಬಾಕಿ. ಮೆಷಿನ್ನಿಗೆ ಎಣ್ಣೆ ಬಿಟ್ಟೆ. ಅಕ್ಕ ಗುಂಡಿಗೆ ಕಾಜಾ ಹಾಕುತ್ತಾ ಕೂತಿದ್ದಳು. ಎಪ್ಪತ್ತಾರಾದರೂ ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ. ಕನ್ನಡಕ ಬಂದದ್ದು ತಮ್ಮನಾದ ನನಗೆ.

ನೆಲದ ತುಂಬ ಗುಂಡುಪಿನ್ನು. ಎತ್ತುವವರಿಲ್ಲ. ಮೊಮ್ಮಗಳು ಇದ್ದಾಗ ಅಂಗಡಿ ಮುಚ್ಚುವ ಮುಂಚೆ ಆಯಸ್ಕಾಂತ ಹಿಡಿದು ಮೂಲೆಮೂಲೆ ಸುತ್ತುತ್ತಿದ್ದಳು. ಅದಕ್ಕೇ ಅಕ್ಕ ಅವಳನ್ನು ಪಿನ್ನಮ್ಮ ಅನ್ನುವುದು. ಏಳು ವರ್ಷ ಅವಳಿಗೆ.

ಇವತ್ತಿಗೆ ಐವತ್ತೊಂದು ದಿನ. ಎರಡು ವಾರ ವಿದೇಶದಲ್ಲಿರುವ ನನ್ನಣ್ಣನ ಮನೆಗೆ ಹೋಗಿ ಬರ್ತೀವಿ ಎಂದು ಅಳಿಯ ಅವಳನ್ನು ವಿಮಾನ ಹತ್ತಿಸಿಕೊಂಡು ಹೋದ. ಮಗಳಿಗೆ ರಜ ಸಿಕ್ಕಿರಲಿಲ್ಲ, ಹೋಗಲಿಲ್ಲ. ಹದಿನೈದನೇ ದಿನ ಫೋನ್ — ಇನ್ನು ಇಲ್ಲೇ ಇರ್ತೀವಿ, ಸ್ಕೂಲಿಗೂ ಸೇರಿಸಿದೆ. ಅಷ್ಟೇ. ಇಟ್ಟುಬಿಟ್ಟ.

ಮಗಳು ಅತ್ತಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು...

ಮಾರ್ಚ್ 9, ಶನಿವಾರ

ಲಾಯರಮ್ಮನ ಆಫೀಸಿಗೆ ಮಗಳ ಜೊತೆ ಹೋದೆ. ಮಗುವನ್ನು ವಾಪಸು ಕೇಳಿ ಆ ದೇಶದ ಕೋರ್ಟಿಗೆ ಅರ್ಜಿ ಹಾಕಿಯಾಗಿದೆ. ಕುರ್ಚಿ ಮೇಲೂ ಫೈಲು. ಎತ್ತಿಟ್ಟು ಕೂತೆ.

"ಅಲ್ಲಿನ ಕೋರ್ಟು ಮುಖ್ಯವಾಗಿ ಎರಡು ವಿಷಯ ನೋಡತ್ತೆ," ಅಂದರು ಮಗಳಿಗೆ. "ಮಗು ನೆಲೆ ನಿಂತಿದ್ದು ಎಲ್ಲಿ. ಅಲ್ಲಿ ಉಳಿಸ್ಕೊಳ್ಳೋಕೆ ನೀವು ಒಪ್ಪಿದ್ರಾ. ನಿಮ್ಮ ಯಜಮಾನ್ರು, ಮಗು ವರ್ಷದಲ್ಲಿ ಆರು ತಿಂಗಳು ಅಲ್ಲೇ ಇರ್ತಿತ್ತು, ಎಲ್ಲಾ ಮಾತಾಡ್ಕೊಂಡೇ ಬಂದ್ವಿ ಅಂತ ಬರೆದುಕೊಟ್ಟಿದಾರೆ."

"ಮಾತಾಡ್ಕೊಂಡಿರ್ತಾರೆ, ಅವರೊಬ್ಬರೇ," ಅಂದಳು ಮಗಳು. ಆಮೇಲೆ ಥಟ್ಟನೆ ನನ್ನ ಕಡೆ ತಿರುಗಿ, "ಅಪ್ಪ, ನಿನ್ನ ಅಳತೆ ಪುಸ್ತಕ."

ಹೌದು. ಹುಟ್ಟಿದಾಗಿನಿಂದ ಮೂರು ತಿಂಗಳಿಗೊಮ್ಮೆ ಮಗುವನ್ನು ಕಟಿಂಗ್ ಟೇಬಲ್ ಮೇಲೆ ನಿಲ್ಲಿಸಿ ಟೇಪು ಹಿಡಿದಿದ್ದೇನೆ. ತಾರೀಖು, ಎದೆ, ಉದ್ದ, ತೋಳು. ಒಂದು ಸಲವೂ ತಪ್ಪಿಲ್ಲ. ಅಲ್ಲಿ ಆರು ತಿಂಗಳು ಇದ್ದವಳು ಇಲ್ಲಿ ಟೇಬಲ್ ಮೇಲೆ ಹೇಗೆ ನಿಂತಾಳು?

ಲಾಯರಮ್ಮನ ಮುಖ ಅರಳಿತು. "ಸೋಮವಾರ ತನ್ನಿ ಯಜಮಾನ್ರೇ. ಅದು ಪುಸ್ತಕ ಅಲ್ಲ, ಬಂಗಾರ."

ಅದೇ ದಿನ, ಸಂಜೆ

ಪುಸ್ತಕ ತೆಗೆದೆ. ಅವಳ ಪುಟದ ಕೊನೇ ಸಾಲು, ಜನವರಿ 5. ನನ್ನದೇ ಅಕ್ಷರ.

"ದಪ್ಪ ಕೋಟು. ಎದೆ 26, ಉದ್ದ 23. ತೋಳಿಗೆ ಒಳಗೆ ಮೂರಿಂಚು. ಎರಡು ವರ್ಷಕ್ಕೆ ಬರುವಂತೆ."

ಅಳಿಯನೇ ಅಂಗಡಿಗೆ ಬಂದು ಹೇಳಿದ್ದು. "ಮಾವ, ಸ್ವಲ್ಪ ದೊಡ್ಡದಾಗೇ ಹೊಲಿದುಬಿಡಿ. ಎರಡು ವರ್ಷ ಬರಲಿ." ಕೈಬಿಗಿ ಇರುವ ಹುಡುಗ ಎಂದು ಖುಷಿಯೇ ಆಯಿತು ನನಗೆ. ತೋಳಿನೊಳಗೆ ಬಟ್ಟೆ ಮಡಿಸಿ ಬಿಟ್ಟೆ, ಅಸ್ತರು ಕೊಟ್ಟೆ, ಗುಂಡಿ ಎರಡು ಸಲ ಬಿಗಿದೆ.

ಎರಡು ವಾರದ ಪ್ರಯಾಣಕ್ಕೆ ಎರಡು ವರ್ಷದ ಕೋಟು ಯಾಕೆ? ನಲವತ್ಮೂರು ವರ್ಷ ಟೇಪು ಹಿಡಿದವನಿಗೆ ಹೊಳೆಯಲಿಲ್ಲ. ಬೆಳೆಯೋ ಮಕ್ಕಳು, ಬಟ್ಟೆ ಬಿಟ್ಟು ಹೊಲೀರಿ ಎಂದು ಯಾರು ಹೇಳುವುದಿಲ್ಲ? ಕಿವಿಗೆ ಬಿದ್ದ ಕೂಡಲೇ ಕೈ ತಾನಾಗಿ ಬರೆಯುತ್ತದೆ.

ಆ ಕಡೆ ಲಾಯರು ಇದನ್ನು ಓದಿದರೆ? ಅಜ್ಜನಿಗೇ ಗೊತ್ತಿತ್ತು, ಕೋಟು ಹೊಲಿದು ಕಳಿಸಿದ್ದೇ ಅಜ್ಜ ಅನ್ನುತ್ತಾನೆ.

ಮಾರ್ಚ್ 10, ಭಾನುವಾರ

ಅಕ್ಕನಿಗೆ ಹೇಳಿದೆ. ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿಟ್ಟಳು.

"ಒಂದು ಹಾಳೆ ತಾನೆ. ಕತ್ತರಿ ನಿನ್ನ ಕೈಯಲ್ಲೇ ಇದೆ."

"ಹಾಳೆಗೆಲ್ಲ ನಂಬರ್ ಹಾಕಿದೀನಿ ಅಕ್ಕ."

"ಹಾಕಿರ್ತೀಯ. ಮೀಸೆ ಕೂದಲಿಗೂ ನಂಬರ್ ಹಾಕೋನು ನೀನು."

ನಗು ಬರಲಿಲ್ಲ ಇಬ್ಬರಿಗೂ. ಅದೇ ಪುಟದಲ್ಲಿ ಏಳು ವರ್ಷದ ಅಳತೆಯೂ ಇದೆ. ಹರಿದರೆ ಎರಡೂ ಹೋಗುತ್ತವೆ.

ಮಾರ್ಚ್ 11, ಸೋಮವಾರ

ಪುಸ್ತಕ ಸಿಗುತ್ತಿಲ್ಲ ಅಂದೆ. ಮಗಳಿಗೆ ಸುಳ್ಳು ಹೇಳಿದೆ.

ಅಂಗಡಿಯೆಲ್ಲ ಜಾಲಾಡಿದಳು. ಗುಂಡಿ ಡಬ್ಬಿಗಳನ್ನೂ ಸುರುವಿದಳು. ತಳದಲ್ಲಿ ಪಿನ್ನಮ್ಮನ ಆಯಸ್ಕಾಂತ ಸಿಕ್ಕಿತು, ಇನ್ನೂ ನಾಲ್ಕು ಪಿನ್ನು ಕಚ್ಚಿಕೊಂಡಿದ್ದವು. ಅದನ್ನು ಹಿಡಿದು ಮೆಷಿನ್ನಿನ ಪಕ್ಕ ನೆಲದಲ್ಲೇ ಕೂತಳು. ಆಗ ಅತ್ತಳು. ಸಮಾಧಾನ ಮಾಡಲು ನನಗೆ ಬಾಯಿ ಬರಲಿಲ್ಲ. ಪುಸ್ತಕ ನನ್ನ ಹಾಸಿಗೆ ಕೆಳಗಿತ್ತು.

ಮಾರ್ಚ್ 20, ಬುಧವಾರ

ಪ್ರತಿ ಬುಧವಾರ ಐದು ನಿಮಿಷ ವಿಡಿಯೋ ಕಾಲ್ ಮಾಡಿಸುತ್ತಾನೆ ಅಳಿಯ. ತಾನು ಕಾಣಿಸುವುದಿಲ್ಲ. ಇವತ್ತು ಪಿನ್ನಮ್ಮ ಕೋಟು ಹಾಕಿಕೊಂಡಿದ್ದಳು. ತೋಳು ಅರ್ಧ ಅಂಗೈ ಮುಚ್ಚಿತ್ತು.

"ತಾತ, ಯಾಕೆ ಇಷ್ಟು ಉದ್ದ ಹೊಲಿದೆ?"

"ನೀನು ಬೆಳೀತೀಯಲ್ಲ, ಅದಕ್ಕೆ."

"ಊರಿಗೆ ಯಾವಾಗ ಹೋಗೋದು ಅಂತ ಅಪ್ಪನ್ನ ಕೇಳ್ದೆ. ಮಣಿಕಟ್ಟು ಆಚೆ ಬಂದ ಮೇಲೆ ಅಂದ್ರು. ದಿನಾ ನೋಡ್ಕೊತೀನಿ. ಸ್ವಲ್ಪ ಚಿಕ್ಕದಾಗಿ ಹೊಲಿದಿದ್ರೆ ಈಗಲೇ ಬರ್ತಿದ್ದೆ ಅಲ್ವಾ?"

ಮಗಳು ಏನೋ ಮಾತು ತಿರುಗಿಸಿದಳು. ನಾನು ಎದ್ದು ಬಂದೆ.

ಮಾರ್ಚ್ 21, ಗುರುವಾರ

ಪುಸ್ತಕ ಕೊಟ್ಟೆ. ಓದಿದಳು.

"ಅಪ್ಪ, ನಿನಗೆ ಗೊತ್ತಿತ್ತಾ?"

"ಇಲ್ಲ ಮಗಾ."

"ಹತ್ತು ದಿನ ಬಚ್ಚಿಟ್ಟೆಯಲ್ಲ."

ಅವಳು ಊಟ ಬಿಟ್ಟು ಮಲಗಿದಳು.

ಮಾರ್ಚ್ 23, ಶನಿವಾರ

ಲಾಯರಮ್ಮ ಆ ಸಾಲನ್ನು ಮೂರು ಸಲ ಓದಿದರು. ಹಿಂದಿನ ಪುಟ ತಿರುಗಿಸಿದರು. ಅದರ ಹಿಂದಿನದು. ಇನ್ನೂ ಹಿಂದಕ್ಕೆ.

"ಯಜಮಾನ್ರೇ, ಎಲ್ಲ ಮಕ್ಕಳಿಗೂ ಹೀಗೇ ಬರೆದಿದೀರಲ್ಲ. ಡಾಕ್ಟರ ಮಗ, ಎರಡು ವರ್ಷಕ್ಕೆ. ಮೇಷ್ಟ್ರ ಅವಳಿಜವಳಿ, ಎರಡು ವರ್ಷಕ್ಕೆ. ಇವರೆಲ್ಲ ಊರು ಬಿಟ್ಟು ಹೋದ್ರಾ?"

"ಎಲ್ಲಿಗೆ ಹೋಗ್ತಾರೆ? ನಿನ್ನೆ ತಾನೇ ಅವಳಿಜವಳಿ ಬಂದು ಜಿಪ್ ಕಿತ್ತುಹೋಯ್ತು ಅಂತ ನನ್ನ ಪ್ರಾಣ ತಿಂದ್ವು."

"ಹಾಗಾದ್ರೆ ಒಂದು ಪುಟ ಬೇಡ. ಪುಸ್ತಕ ಇಡೀ ಕೊಡೋಣ. ಆದರೆ ನೀವೇ ಸಾಕ್ಷಿ ಹೇಳಬೇಕು. ಕಷ್ಟದ ಪ್ರಶ್ನೆ ಕೇಳ್ತಾರೆ."

ಮನೆಗೆ ಬರುವಾಗ ಮಗಳು ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಇಳಿಯುವಾಗ ಮಾತ್ರ ಕೈ ಹಿಡಿದಳು. ಮೆಟ್ಟಿಲು ಎತ್ತರ ಇತ್ತು.

ಏಪ್ರಿಲ್ 26, ಶುಕ್ರವಾರ

ಲಾಯರಮ್ಮನ ಆಫೀಸಿನಲ್ಲಿ, ಟಿವಿಯಷ್ಟು ದೊಡ್ಡ ಪರದೆಯಲ್ಲಿ ಅಲ್ಲಿನ ಕೋರ್ಟು. ನನ್ನ ಮಾತನ್ನು ಅವರ ಭಾಷೆಗೆ ಹೇಳಲು ಒಬ್ಬಾಕೆ. ಇಸ್ತ್ರಿ ಶರ್ಟು ಹಾಕಿಕೊಂಡು ಹೋಗಿದ್ದೆ. ಅಕ್ಕ ಕಾಲರಿಗೆ ಮತ್ತೊಂದು ಹೊಲಿಗೆ ಹಾಕಿಕೊಟ್ಟಿದ್ದಳು.

ಅಳಿಯನ ಲಾಯರು ಕೇಳಿದ — ಎರಡು ವಾರಕ್ಕೆ ಹೋಗುವ ಮಗುವಿಗೆ ಎರಡು ವರ್ಷದ ಕೋಟು. ಯಾಕೆಂದು ನೀವು ಕೇಳಲಿಲ್ಲವೇ?

ಕೇಳಲಿಲ್ಲ ಅಂದೆ. ಕೇಳಬೇಕಿತ್ತು ಅಂದೆ.

ಆಮೇಲೆ ಜಡ್ಜಮ್ಮ ತಾವೇ ಕೇಳಿದರು. ಮಗು ಹಿಂತಿರುಗುವುದಿಲ್ಲ ಎಂದು ಗೊತ್ತಿದ್ದರೆ ಆ ಕೋಟನ್ನು ಹೇಗೆ ಹೊಲಿಯುತ್ತಿದ್ದಿರಿ?

"ಹೊಲೀತಾನೇ ಇರ್ಲಿಲ್ಲ ತಾಯಿ," ಅಂದೆ.

ಭಾಷೆ ಹೇಳುವಾಕೆ ಅದನ್ನು ಹಾಗೇ ಹೇಳಿದಳು. ಅಳಿಯ ಪರದೆಯ ಮೂಲೆಯಲ್ಲಿ ತಲೆ ತಗ್ಗಿಸಿದ್ದ. ತೆಳ್ಳಗಾಗಿದ್ದಾನೆ.

ಜುಲೈ 19, ಶುಕ್ರವಾರ

ಆರ್ಡರ್ ಬಂತು. ಮಗುವನ್ನು ವಾಪಸು ಕಳಿಸಬೇಕು. ಆರು ವಾರ ಗಡುವು. ಅಕ್ಕ ಕಾಜಾ ಬಿಟ್ಟು ನೆಲದ ಪಿನ್ನೆಲ್ಲ ತಾನೇ ಎತ್ತಿದಳು. "ಬಂದ ಕೂಡಲೇ ಕಾಲಿಗೆ ಚುಚ್ಚಬಾರದು ನೋಡು," ಅಂದಳು.

ಆಗಸ್ಟ್ 28, ಬುಧವಾರ

ಅಪೀಲು ಹಾಕಿದ್ದಾನೆ. ಅದು ಮುಗಿಯುವವರೆಗೆ ಕಳಿಸಬೇಕಿಲ್ಲವಂತೆ. ಕೇಸು ಡಿಸೆಂಬರ್ ಹದಿನೆಂಟಕ್ಕೆ.

ಇವತ್ತು ಪಿನ್ನಮ್ಮನಿಗೆ ಒಂದು ಮಾತು ಥಟ್ಟನೆ ನೆನಪಾಗಲಿಲ್ಲ. ಆಯಸ್ಕಾಂತ. "ಅದೇ ತಾತ, ಪಿನ್ನು ಕಚ್ಚೋದು," ಅಂದಳು.

ಡಿಸೆಂಬರ್ 11, ಬುಧವಾರ

ಕರೆ ಬಂದಾಗ ನಾವು ಮೂವರೂ ಅಂಗಡಿಯಲ್ಲೇ. ಪಿನ್ನಮ್ಮ ಎರಡೂ ಕೈ ಮುಂದೆ ಚಾಚಿದಳು. ಮಣಿಕಟ್ಟು ಆಚೆ ಬಂದಿದೆ. ಪೂರ್ತಿ. ಎರಡು ವರ್ಷದ ಅಳತೆ, ಹನ್ನೊಂದು ತಿಂಗಳಿಗೇ ತುಂಬಿದೆ. ನನ್ನ ಲೆಕ್ಕ ಇಷ್ಟು ಎಂದೂ ತಪ್ಪಿರಲಿಲ್ಲ.

"ಬಂತು ತಾತ. ಆದ್ರೆ ಅಪ್ಪ ಒಳಗಿನ ಬಟ್ಟೆ ಬಿಚ್ತಾರಂತೆ. ಬೇಡ ಅನ್ನು. ಬಿಚ್ಚಿದ್ರೆ ಮತ್ತೆ ಮುಚ್ಚಿಹೋಗತ್ತೆ."

ಪಕ್ಕದಿಂದ ಅಳಿಯನ ದನಿ. "ಮಾವ, ಇಲ್ಲಿ ಚಳಿ ಜೋರು. ಕೈ ಒಡೀತಿದೆ ಅವಳಿಗೆ. ಹೊಸದು ಹಾಕ್ಕೊ ಅಂದ್ರೆ ಮುಟ್ಟಲ್ಲ. ಎಲ್ಲಿಂದ ಬಿಚ್ಚಬೇಕು ಹೇಳಿ." ಇಷ್ಟು ತಿಂಗಳಲ್ಲಿ ಮೊದಲ ಸಲ ಮಾವ ಅಂದ.

"ಅವನಿಗೇನೂ ಹೇಳ್ಬೇಡ," ಅಂದಳು ಅಕ್ಕ, ಮೆಲ್ಲಗೆ.

ಮಗಳು ಪರದೆಯಲ್ಲಿ ಆ ಮಣಿಕಟ್ಟನ್ನೇ ನೋಡುತ್ತಿದ್ದಳು. ಕೆಂಪಗೆ ಬಿರಿದಿತ್ತು, ಒಂದು ಕಡೆ ರಕ್ತದ ಗೆರೆ. ಆಮೇಲೆ ನನ್ನನ್ನು ನೋಡಿ, ಹೇಳು ಎಂಬಂತೆ ತಲೆಯಾಡಿಸಿದಳು.

"ಪಿನ್ನಮ್ಮ," ಅಂದೆ, "ತೋಳೊಳಗಿದ್ರೂ ಕೈ ಬೆಳೀತಾನೇ ಇರತ್ತೆ ಕಣಮ್ಮಾ. ತಾತ ಅಳತೆ ಬರ್ಕೊಂಡೆ. ಮಣಿಕಟ್ಟು ಕಂಡಾಯ್ತು, ಲೆಕ್ಕಕ್ಕೆ ಬಂತು."

"ನಿಜ?"

"ನಿಜ. ಕೋಟು ಬಿಚ್ಚಿ ತೋಳು ತಿರುಗಿಸು. ಅಸ್ತರಿನ ಅಂಚಲ್ಲಿ ನೀಲಿ ದಾರದ ಗಂಟು ಇರತ್ತೆ."

ಹುಡುಕಿದಳು. ಅಪ್ಪನಿಗೆ ಮುಟ್ಟಲು ಬಿಡಲಿಲ್ಲ. "ಸಿಕ್ತು ತಾತ. ಎಳೀಲಾ?"

ಎಳಿ ಮಗಾ ಅಂದೆ. ಎಳೆದಳು. ಎರಡೂ ತೋಳು ಇಳಿಸಿ ಮತ್ತೆ ಹಾಕಿಕೊಂಡಳು. ಮಣಿಕಟ್ಟು ಹೋಯಿತು. ಅಂಗೈ. ಆಮೇಲೆ ಬೆರಳು, ಒಂದೊಂದಾಗಿ ಮರೆಯಾದವು.