ಆಂಟೆನಾಗೆ ಹೊಲಿದ ರೇನ್‌ಕೋಟ್

ಅಪ್ಪಾ,

ತಾರಸಿ ಮೇಲಿನ ವೈಫೈ ಪೆಟ್ಟಿಗೆಯ ಆಂಟೆನಾಗಳಿಗೆ ನೀನು ಹೊಲಿದ ರೇನ್‌ಕೋಟ್ ನೋಡಿದೆ. ಕಾಲರ್ ಬೇರೆ ಇಟ್ಟಿದ್ದೀಯ! ದರ್ಜಿ ಅಂದ್ರೆ ನೀನೇ. ಆದ್ರೆ ಸೂಜಿ ತೂತಲ್ಲಿ ನೀರು ಇಳಿದು, ಹೊಲಿದು ಮುಚ್ಚಿದ ತಳದಲ್ಲಿ ನಿಂತು, ನೆಟ್ ಸತ್ತಿದೆ.

ಮೊದಲು ಕೋಟ್ ಬಿಚ್ಚು. ಆಂಟೆನಾ ಬುಡವನ್ನ ಒಣಬಟ್ಟೆಯಲ್ಲಿ ಒರೆಸಿ, ಮೇಜಿನ ಮೇಲಿರೋ ರಬ್ಬರ್ ಟೇಪನ್ನ ಎಳೆದು ಸುತ್ತು. ಹೆಂಚು ಹೊದಿಸೋ ಹಾಗೆ ಕೆಳಗಿಂದ ಮೇಲಕ್ಕೆ, ಒಂದು ಸುತ್ತಿನ ಮೇಲೆ ಇನ್ನೊಂದು ಅರ್ಧ ಬರಲಿ. ನಿನ್ನ ದಮ್ಮಯ್ಯ, ಸೂಜಿ ಮುಟ್ಟಬೇಡ.

ಮುಟ್ಟಲೇಬೇಕು ಅನ್ನಿಸಿದ್ರೆ, ಮೂರು ತಿಂಗಳಿಂದ ನಿನ್ನ ಮಿಷನ್ ಪಕ್ಕ ನೇತಾಡ್ತಿರೋ ನನ್ನ ರೇನ್‌ಕೋಟಿನ ತೋಳು ಹೊಲಿ. ಊರೋರ ಆಂಟೆನಾಗೆ ಟೇಪ್ ಸುತ್ತೋಕೆ ನಾನು ಮಳೇಲಿ ನೆನ್ಕೊಂಡೇ ಹೊರಟೆ.

ನಿನ್ನ ಮಗಳು,
ಆಂಟೆನಾಗಿಂತ ಮೊದಲು ಬಂದ ಗಿರಾಕಿ