ಗ್ರಾಫಿನೊಳಗಿನ ಗುಡ್ಡ

೨೮ ಜೂನ್ ೨೦೨೫, ಶನಿವಾರ, ನಾಸಿಕ್

ಎರಡನೇ ಪೆಟ್ಟಿಗೆಯೂ ಮನೆ ಸೇರಿತು. ವಾರವೆಲ್ಲ ನಾನು ದುಡಿಯುವ ಸಂಭಾಜಿನಗರದಿಂದ ರೈಲಿನಲ್ಲಿ, ತೊಡೆಯ ಮೇಲೆ. ಸ್ಪೀಕರ್ ಕಿಟ್‌ನವರು ಕೋನು, ತಂತಿ, ತಂತಿ ಸುತ್ತಿದ ಕಾಯಿಲು, ನಕ್ಷೆ ಕಳಿಸುತ್ತಾರೆ. ಮರದ ಪೆಟ್ಟಿಗೆ ಮಾತ್ರ ನಿಮ್ಮ ಹಣೆಬರಹ. ಅಲ್ಲಿನ ಶೇಂದ್ರಾದಲ್ಲಿ ನಮ್ಮ ಫ್ಯಾಕ್ಟರಿ ಪಕ್ಕದ ಬಡಗಿ ಮಧುಕರ ದೇವರ ಮಂಟಪ ಬಿಟ್ಟು ಬೇರೇನೂ ಮಾಡಿದವನಲ್ಲ. ನಕ್ಷೆಯಲ್ಲಿಲ್ಲದ ಕಮಲ ಕೆತ್ತಿದ್ದಾನೆ. ಲಾಸಲಗಾಂವ್‌ನಲ್ಲಿ ಹತ್ತಿದ ಅಜ್ಜಿ ಪೆಟ್ಟಿಗೆಗೆ ಕೈಮುಗಿದಳು. ಏನಂತ ಹೇಳಲಿ?

ಜಯಮಾಲಾ ಬಾಗಿಲಲ್ಲೇ ಶುರು. "ಇವು ಇಲ್ಲಿಟ್ರ ಹಾಲ್‌ನಾಗ ನಾ ಎಲ್ಲಿ ಕೂಡ್ಲಿ?"

ಆಗಸ್ಟ್ ೧೭ಕ್ಕೆ ಕನ್ನಡ ಸಂಘದ ಶ್ರಾವಣ ಕಾರ್ಯಕ್ರಮ. ವಚನ ಹಾಡಲು ಒಪ್ಪಿಕೊಂಡಿದ್ದಾಳೆ, ತಾಲೀಮಿಗೆ ಹಾಲ್ ಬೇಕು. ಬೀದರಿನ ಕಾಲೇಜಿನಲ್ಲಿ ಹಾಡಿದ್ದೇ ಕೊನೆ. ಆಮೇಲೆ ನನ್ನ ಮದುವೆಯಾದಳು... ಇಪ್ಪತ್ತೆರಡು ವರ್ಷ.

"ಎರಡು ವಾರ ತಡಿ," ಅಂದೆ.

೬ ಜುಲೈ, ಭಾನುವಾರ

ಜೋಡಣೆ ಮುಗಿಯಿತು. ಬೆಸುಗೆಗೆ ಹೆಬ್ಬೆರಳು ಸುಟ್ಟಿದೆ. ಇನ್ನು ಅಳತೆ. ಸ್ಪೀಕರ್ ಒಂದೇ ಸಮ 'ಶ್' ಎನ್ನುತ್ತದೆ, ಮೈಕ್ ಕೇಳಿಸಿಕೊಳ್ಳುತ್ತದೆ, ಲ್ಯಾಪ್‌ಟಾಪ್ ಗ್ರಾಫ್ ಬರೆಯುತ್ತದೆ. ಗೆರೆ ನೆಟ್ಟಗಿದ್ದರೆ ಸ್ಪೀಕರ್ ಸತ್ಯವಂತ. ಕೋಣೆಯಲ್ಲಿ ನರಪ್ರಾಣಿ ಇರಕೂಡದೆಂದು ಕಿಟ್‌ನ ಆಜ್ಞೆ. ಅವ್ವ ಕೆಳಗಿನ ಸುಶೀಲಾಬಾಯಿ ಮನೆಗೆ ಗಡೀಪಾರು. ನಾನು ಬಾಲ್ಕನಿಯಲ್ಲಿ, ಬಾಗಿಲು ಹಾಕಿಕೊಂಡು, ಮಳೆಯ ಎರಚಲಿಗೆ. ಜಯಮಾಲಾ ಅಡುಗೆಮನೆಯಲ್ಲಿ. ಅದಕ್ಕೆ ಬಾಗಿಲಿಲ್ಲ, ಬರೀ ಪರದೆ. ಹಾಗಾಗಿ ಕಟ್ಟಪ್ಪಣೆ ಹೊರಡಿಸಿದೆ: ಕುಕ್ಕರ್ ಇಲ್ಲ, ಮಿಕ್ಸರ್ ಇಲ್ಲ, ಫ್ಯಾನ್ ಇಲ್ಲ, ಟೀವಿ ಇಲ್ಲ. ಒಂದು ತಾಸು.

"ಉಸಿರಾಡ್ಬಹುದೇನ್ರಿ?"

"ಸಣ್ಣಗ."

ಫಲಿತಾಂಶ: ಗೆರೆಯ ನಡುವೆ ಒಂದು ಗುಡ್ಡ. ಸರಿಯಾಗಿ ಹೆಂಗಸರ ದನಿ ಓಡಾಡುವ ಜಾಗದಲ್ಲಿ.

೧೩ ಜುಲೈ, ಭಾನುವಾರ

ಗುಡ್ಡ ಅಲ್ಲೇ. ಹತ್ತಿ ತುಂಬಿದೆ. ಗೋಡೆಗೆ ಗಾದಿ ಒರಗಿಸಿದೆ. ಮಧುಕರನ ಕಮಲದ ಮೇಲೆ ಸಂಶಯ ಬಂದು ಅದನ್ನೂ ಉಜ್ಜಿ ತೆಗೆದೆ. ಗುಡ್ಡ ಜಗ್ಗಲಿಲ್ಲ.

"ಹಾಲ್ ಯಾವಾಗ ಬಿಡ್ತೀರಿ?"

"ಅಳತಿ ಮುಗೀಲಿ."

"ನಿಮ್ಮ ಅಳತಿ ಮುಗಿಯೋದ್ರಾಗ ಶ್ರಾವಣ ಮುಗೀತದ."

೨೦ ಜುಲೈ, ಭಾನುವಾರ

ಗುಡ್ಡ ಕಡಿದೆ! ಹೆಚ್ಚುವರಿ ಕಾಯಿಲು ಹಾಕಿ ಆ ಭಾಗದ ಸದ್ದನ್ನೇ ಇಳಿಸಿದೆ. ಗೆರೆ ನೆಟ್ಟಗೆ. ವಿಜಯೋತ್ಸವಕ್ಕೆಂದು ಹಾಡು ಹಾಕಿದರೆ, ಗಾಯಕಿ ನೆಗಡಿಯಾಗಿ, ಕೌದಿ ಹೊದ್ದು, ಪಕ್ಕದ ಮನೆಯಿಂದ ಹಾಡಿದ ಹಾಗೆ. ಆದರೆ ಗ್ರಾಫ್ ಸರಿಯಿದೆ. ಅಂದರೆ ಕಿವಿಯೇ ತಪ್ಪು. ಹದಿನೆಂಟು ವರ್ಷ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ನೋಡಿದವ ನಾನು. ಬೋಲ್ಟು ಸುಳ್ಳು ಹೇಳಬಹುದು, ಅಳೆಯುವ ಗೇಜ್ ಹೇಳುವುದಿಲ್ಲ.

೨೭ ಜುಲೈ, ಭಾನುವಾರ, ಮಧ್ಯಾಹ್ನ ೨

ಅತ್ತೆ-ಸೊಸೆ ಇಬ್ಬರೂ ಸುಶೀಲಾಬಾಯಿ ಮನೆಯ ಪೂಜೆಗೆ ಹೋಗಿದ್ದರು. ಸುಮ್ಮನೆ ಇನ್ನೊಮ್ಮೆ ಅಳೆದೆ. ಗುಡ್ಡದ ಜಾಗದಲ್ಲಿ ಹೊಂಡ! ಕಾಯಿಲು ತೆಗೆದು ಅಳೆದೆ. ನೆಟ್ಟಗೆ. ಮೊದಲ ದಿನದಿಂದಲೂ ನೆಟ್ಟಗೇ ಇದ್ದಿರಬೇಕು...

ಜಯಮಾಲಾ ಪ್ರಸಾದ ಹಿಡಿದು ಬಂದಳು.

"ಅಳತಿ ಹೊತ್ತಿನಾಗ ಒಳಗ ಏನ್ ಮಾಡ್ತಿದ್ದಿ?"

"ಹಾಡ್ತಿದ್ದೆ. ಸಣ್ಣಗ."

"ಸದ್ದು ಬ್ಯಾಡಂದಿದ್ದೆ!"

"ಕುಕ್ಕರ್ ಅಂದ್ರಿ. ಮಿಕ್ಸರ್, ಫ್ಯಾನ್, ಟೀವಿ ಅಂದ್ರಿ. ಹಾಡು ಅನ್ಲಿಲ್ಲ. ವಾರೆಲ್ಲಾ ಅತ್ತಿಯವರ ಸೀರಿಯಲ್. ಈ ಮನಿ ಶಾಂತ ಇರೋದು ಅದೊಂದೇ ತಾಸು. ಮತ್ಯಾವಾಗ ಹಾಡ್ಲಿ?"

ಕೂಗಾಡಿದೆ. ಮೂರು ಭಾನುವಾರ! ಹೆಬ್ಬೆರಳು! ಕೊನೆಗೆ "ದೋಷ ಸ್ಪೀಕರ್‌ದಲ್ಲ, ನಿನ್ನ ದನೀದು" ಅಂದೆ. ಅಂದೆನೇ? ಅಂದೆ.

ಅವಳು ಫೋನ್ ಎತ್ತಿ ಸಂಘದ ಕಾರ್ಯದರ್ಶಿ ಜಯಂತ್‌ಗೆ, "ನನ್ನ ಹೆಸರು ತಗದ್ಬಿಡ್ರಿ."

೩ ಆಗಸ್ಟ್, ಭಾನುವಾರ, ಸಂಭಾಜಿನಗರ

ನಾಸಿಕ್‌ಗೆ ಹೋಗಲಿಲ್ಲ. ಓವರ್‌ಟೈಮ್ ಎಂದೆ. ಓವರ್‌ಟೈಮ್ ಇಲ್ಲ.

ಅವ್ವನ ಫೋನು: "ಅಕಿ ಹಾಡವಲ್ಲಳಪ್ಪ. ಟೀವಿ ನಾನಽ ಬಂದ್ ಮಾಡಿ ಕುಂತೀನಿ. ಆದ್ರೂ ಹಾಡವಲ್ಲಳು."

ಅವ್ವ ತಾನಾಗಿ ಟೀವಿ ಬಂದ್ ಮಾಡಿದ್ದು ಇತಿಹಾಸದಲ್ಲಿ ಮೊದಲು.

೯ ಆಗಸ್ಟ್, ಶನಿವಾರ, ನಾಸಿಕ್

ಎರಡೂ ಪೆಟ್ಟಿಗೆ ಬೆಡ್‌ರೂಮಿಗೆ ಸಾಗಿಸಿದೆ. ಸೊಂಟ ಹಿಡಿದಿದೆ. ಹಾಲ್‌ನಲ್ಲಿ ಚಾಪೆ ಹಾಸಿದೆ. ಜಯಂತ್‌ಗೆ ಫೋನು. ಹೆಸರು ಇನ್ನೂ ತೆಗೆದಿಲ್ಲವಂತೆ, ಸೋಮವಾರ ಪಟ್ಟಿ ಪ್ರಿಂಟಿಗೆ.

ಅಡುಗೆಮನೆಯ ಪರದೆ ಹಿಡಿದು ನಿಂತೆ. "ತಪ್ಪಾತು. ಸ್ಪೀಕರ್ ಸರಿ ಇತ್ತು. ನೀನೂ ಸರಿ ಇದ್ದಿ. ಅಳದಾವ ಸರಿ ಇರಲಿಲ್ಲ."

ರೊಟ್ಟಿ ಬಡಿಯುತ್ತಲೇ ಇದ್ದಳು. "ಊಟಕ್ಕ ಕೂಡ್ರಿ."

೧೦ ಆಗಸ್ಟ್, ಭಾನುವಾರ, ಬೆಳಗ್ಗೆ ೧೦

ಚಾಪೆ ರಾತ್ರಿಯೆಲ್ಲ ಖಾಲಿ. ಬೆಳಗ್ಗೆಯೂ. ಮೂಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಬೇರೆ ಕೆಲಸವಿಲ್ಲದೆ.

ಬಂದಳು. ಫ್ಯಾನ್ ಆರಿಸಿದಳು. ಫ್ರಿಜ್ ಪ್ಲಗ್ ಕಿತ್ತಳು. ಅವ್ವನ ಕಡೆ ನೋಡಿದಳು. ಅವ್ವ ಜಪಮಾಲೆ ಕೆಳಗಿಟ್ಟಳು. ಜಯಮಾಲಾ ಚಾಪೆಯ ಮೇಲೆ ಕೂತು, ಫೋನಿನಲ್ಲಿ ಶ್ರುತಿ ಹಚ್ಚಿ, ಕಣ್ಣು ಮುಚ್ಚಿ... ತೆರೆದಳು.

"ಏನ್ ಸದ್ದು ಅದು?"

"ಪೆನ್ನು."

"ಬಂದ್ ಮಾಡ್ರಿ."

"ಇದೊಂದ್ ಸಾಲು..."

"ನಾ ಹಾಡ್ಬೇಕು. ಬಂದ್ ಮಾಡ್ರಿ."

ಮಾಡಿದೆ ಎಂದು ಬರೆ—